ಎಮ್ಮೆಯ ನಾಲಗೆ

ನಮ್ಮ ಮೈಸೂರಿನ ಮಾತಿನಲ್ಲಿ ‘ನಂಗು’ ಎಂದರೆ ‘ನನಗೂ’ ಎಂದಷ್ಟೇ. ಹೀಗಾಗಿ, ಮಲ್ಪೆ ಕಡೆಯಿಂದ ವರ್ಗವಾಗಿ ಬಂದವರ ಮಗಳೊಬ್ಬಳು ತರಗತಿಯಲ್ಲಿ ‘ನಿನ್ನೆ ಮನೆಯಲ್ಲಿ ನಂಗು ಸಾರು’ ಎಂದಾಗ ಉಳಿದ ಮಕ್ಕಳು ‘ನಂಗೂ, ನಂಗೂ’ ಎಂದು ಕೂಗಿ ನಕ್ಕುಬಿಟ್ಟರು. ಆಮೇಲೆ ಆ ಹುಡುಗಿ ಅದನ್ನು ‘ಸೋಲ್’ ಎಂದೇ ಹೇಳತೊಡಗಿದಳು. ಆಗ ಯಾರೂ ನಗಲಿಲ್ಲ. ನನಗೆ ಚುಚ್ಚಿದ್ದು ಇದೇ.

ನಂಗು ಎಂದರೆ ಕರಾವಳಿಯ ಚಪ್ಪಟೆ ಮೀನು. ಕೊಂಕಣಿಯವರು ಲೆಪೊ ಎನ್ನುತ್ತಾರೆ. ಇನ್ನು ಸೋಲ್? ಲ್ಯಾಟಿನ್ನಿನಲ್ಲಿ ‘ಸೋಲಿಯ’ ಎಂದರೆ ಕಾಲಿಗೆ ಹಾಕುವ ಚಪ್ಪಲಿ; ಮೀನಿನ ಆಕಾರ ನೋಡಿ ಇಟ್ಟ ಹೆಸರು. ಚಪ್ಪಲಿ ಎಂದರೆ ಗೌರವ, ನಂಗು ಎಂದರೆ ನಗೆ! ಏನು ಹೇಳೋಣ?

ಈ ಮೀನು ಹುಟ್ಟುವಾಗ ಎಲ್ಲ ಮೀನುಗಳಂತೆಯೇ ಇರುತ್ತದೆ, ತಲೆಯ ಎರಡು ಪಕ್ಕಕ್ಕೂ ಒಂದೊಂದು ಕಣ್ಣು. ಬೆಳೆಯುತ್ತ ಒಂದು ಕಣ್ಣು ಮೆಲ್ಲಗೆ ಸರಿದು ಇನ್ನೊಂದರ ಪಕ್ಕಕ್ಕೆ ಬರುತ್ತದೆ. ಆಮೇಲೆ ಮರಳಿನ ಮೇಲೆ ಮಗ್ಗುಲಾಗಿ ಮಲಗಿಯೇ ಬಾಳು.

ನಂಗಿನ ಶಾಸ್ತ್ರೀಯ ಕುಲನಾಮ ಸೈನೋಗ್ಲಾಸಸ್. ಗ್ರೀಕಿನಲ್ಲಿ ‘ನಾಯಿನಾಲಗೆ’. 1822ರಲ್ಲಿ ಈ ಹೆಸರಿಟ್ಟವರು ಫ್ರಾನ್ಸಿಸ್ ಹ್ಯಾಮಿಲ್ಟನ್, ಗಂಗಾನದಿಯ ಮೀನುಗಳ ಬಗ್ಗೆ ಬರೆದ ಪುಸ್ತಕದಲ್ಲಿ. ಇವರು ನಮಗೆ ಹೊಸಬರಲ್ಲ. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯನ್ನೂ ಕೆನರಾ, ಮಲಬಾರುಗಳನ್ನೂ ಸುತ್ತಿ ಬೆಳೆ, ನೆಲ, ಜಾತಿ, ಕಸುಬು ಎಲ್ಲ ಬರೆದಿಟ್ಟ ಬುಕಾನನ್ ಸಾಹೇಬರೇ. ಮುಂದೆ ತಾಯಿಯ ಮನೆತನದ ಹೆಸರು ಇಟ್ಟುಕೊಂಡರು.

ಆದರೆ ನನಗೆ ಹೆಚ್ಚು ಹಿಡಿಸಿದ್ದು ಇನ್ನೊಂದು ಚಪ್ಪಟೆ ಮೀನಿನ ಕಥೆ. ಇಂಗ್ಲಿಷಿನವರು ಇಂಡಿಯನ್ ಹಾಲಿಬಟ್ ಎನ್ನುವ ಇದರ ಶಾಸ್ತ್ರೀಯ ಹೆಸರು ಸೆಟ್ಟೋಡಿಸ್ ಎರುಮೈ. ಇದರ ಕಣ್ಣು ಪೂರ್ತಿ ಸರಿಯದೆ ತಲೆಯ ಅಂಚಿನಲ್ಲೇ ನಿಂತುಬಿಡುತ್ತದೆ. ತಮಿಳುನಾಡಿನ ತರಂಗಂಬಾಡಿ ಆಗ ಡೇನರ ವಸಾಹತು. ಅಲ್ಲಿನ ಮೀನುಗಳು ಬರ್ಲಿನ್ನಿನ ಬ್ಲಾಕ್ ಎಂಬ ವೈದ್ಯರಿಗೆ ಹೋಗುತ್ತಿದ್ದವು. ಅವರು 1799ರಲ್ಲಿ ತೀರಿಕೊಂಡ ಮೇಲೆ ಷ್ನೈಡರ್ ಎಂಬವರು 1801ರಲ್ಲಿ ಪುಸ್ತಕ ಮುಗಿಸಿದರು. ಅದರಲ್ಲಿ ಈ ಮೀನಿಗೆ ತರಂಗಂಬಾಡಿಯ ಜನ ಕರೆಯುವ ಹೆಸರೇ ಉಳಿಯಿತು: ‘ಎರುಮೈ ನಾಕ್ಕು’, ಎಮ್ಮೆಯ ನಾಲಗೆ.

ಎರುಮೈ ಬೇರೆಯಲ್ಲ, ನಮ್ಮ ಎಮ್ಮೆ ಬೇರೆಯಲ್ಲ. ತುಳುವರಿಗೆ ಇಂದಿಗೂ ‘ಎರ್ಮೆ’. ಹೆಸರು ಕತ್ತರಿಸುವಾಗ ನಾಲಗೆ ಬಿದ್ದುಹೋಗಿ, ಪಾಪ, ಮೀನು ಬರೀ ಎಮ್ಮೆಯಾಗಿದೆ. ಆದರೂ ಲ್ಯಾಟಿನ್ ಬಲ್ಲ ಪಂಡಿತರು ಇನ್ನೂರು ವರ್ಷಗಳಿಂದ ಈ ಮೀನನ್ನು ಕರೆಯುತ್ತಿರುವುದು ತರಂಗಂಬಾಡಿಯ ದಂಡೆಯಲ್ಲಿ ಬುಟ್ಟಿ ಇಳಿಸಿದವರ ಮಾತಿನಿಂದಲೇ.