ಬಾವಿ ಇಳಿದಂತೆ ಬೆಳೆದ ಉದ್ಯಮ

ಕರ್ನಾಟಕದ ಯಾವುದೇ ತಾಲ್ಲೂಕು ಕೇಂದ್ರದ ಪಂಪ್‌ಸೆಟ್ ಅಂಗಡಿಗೆ ಹೋದರೂ ಕೊಯಮತ್ತೂರಿನ ಹೆಸರು ಕಿವಿಗೆ ಬೀಳದೆ ಇರುವುದು ಅಪರೂಪ. ನೀರೆತ್ತುವ ಯಂತ್ರಕ್ಕೆ ದೇಶದಲ್ಲೇ ಹೆಸರಾದ ಆ ಊರಿನ ಸುತ್ತಲ ಸೀಮೆ ಮಾತ್ರ ಬಹುಮಟ್ಟಿಗೆ ಒಣನಾಡು. ನಗರಕ್ಕೆ ಕುಡಿಯಲು ಸಿರುವಾಣಿಯ ಸಿಹಿನೀರಿದೆ, ನಿಜ. ಆದರೆ ಪಶ್ಚಿಮ ಘಟ್ಟದ ಮಳೆನೆರಳಿನಲ್ಲಿರುವ ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಬಯಲಿಗೆ ವರ್ಷಕ್ಕೆ ಬೀಳುವ ಮಳೆ ಹೆಚ್ಚುಕಡಿಮೆ 600ರಿಂದ 700 ಮಿಲಿಮೀಟರ್. ನೆಲದಡಿ ಗಟ್ಟಿ ಬಂಡೆ; ನೀರು ನಿಲ್ಲುವುದು ಮೇಲಿನ ಶಿಥಿಲ ಪದರದಲ್ಲಿ ಮತ್ತು ಬಂಡೆಯ ಬಿರುಕುಗಳಲ್ಲಿ ಮಾತ್ರ. ಇಂಥ ಕಡೆ ಪಂಪಿನ ಉದ್ಯಮ ಬೆಳೆದದ್ದು ಆಕಸ್ಮಿಕವಲ್ಲ. ನೀರು ಕೆಳಗಿಳಿದ ಒಂದೊಂದು ಹಂತಕ್ಕೂ ಅಲ್ಲಿನ ಕುಲುಮೆಗಳು ಒಂದೊಂದು ಯಂತ್ರದ ಉತ್ತರ ಕೊಟ್ಟವು, ಆ ಉತ್ತರವೇ ಮುಂದಿನ ಇಳಿತಕ್ಕೆ ದಾರಿ ಮಾಡಿತು ಎಂಬುದೇ ಈ ಉದ್ಯಮದ ಚರಿತ್ರೆಯ ಸಾರ.

ಪಂಪಿಗೆ ಮೊದಲು ಇದ್ದದ್ದು ಕಪಿಲೆ. ಜೋಡಿ ಎತ್ತು ಇಳಿಜಾರಿನಲ್ಲಿ ಇಳಿಯುತ್ತ ಹಗ್ಗ ಎಳೆದರೆ ಚರ್ಮದ ಚೀಲ ಬಾವಿಯಿಂದ ಮೇಲೆ ಬಂದು ಕಾಲುವೆಗೆ ನೀರು ಸುರಿಯುತ್ತಿತ್ತು. 1956ರವರೆಗೆ ಕೊಯಮತ್ತೂರು ಜಿಲ್ಲೆಯದೇ ತಾಲ್ಲೂಕಾಗಿದ್ದ ಕೊಳ್ಳೇಗಾಲದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಂದಿನ ತಿರುಪ್ಪೂರು ಜಿಲ್ಲೆಗೆ ಸೇರಿದ ಕಾಂಗೇಯದ ಎತ್ತುಗಳ ಕೀರ್ತಿಯ ಹಿಂದೆ ಬಂಡಿಯಷ್ಟೇ ಈ ಬಾವಿಯ ದುಡಿಮೆಯೂ ಇದೆ. 1883ರ ಭೂಸುಧಾರಣಾ ಸಾಲದ ಕಾಯ್ದೆಯಡಿ ಬಾವಿ ತೋಡಲು ಸರ್ಕಾರಿ ಸಾಲ ಸಿಗುವಂತಾಯಿತು. 20ನೆಯ ಶತಮಾನದ ಮೊದಲ ದಶಕದಲ್ಲಿ ಕಾಂಬೋಡಿಯಾ ಹತ್ತಿ ಬಂತು. ಬಾವಿ ನೀರಿನಲ್ಲಿ ಚೆನ್ನಾಗಿ ಬರುವ ಬೆಳೆ ಅದು. 1888ರಲ್ಲಿ ರಾಬರ್ಟ್ ಸ್ಟೇನ್ಸ್ ತೆರೆದ ಗಿರಣಿಯಿಂದ ಶುರುವಾಗಿದ್ದ ನೂಲಿನ ಉದ್ಯಮಕ್ಕೆ ಬೇಕಾದದ್ದೂ ಹೌದು. ಹತ್ತಿಗೆ ಬೆಲೆ ಇದ್ದಷ್ಟು ಕಾಲ ಬಾವಿಯನ್ನು ಇನ್ನಷ್ಟು ತೋಡುವುದು ಲಾಭದ ಮಾತೇ. ಆದರೆ ಕಪಿಲೆಗೆ ಒಂದು ಮಿತಿ ಇತ್ತು: ಎತ್ತು ದಣಿಯುತ್ತದೆ, ಅದರ ದಣಿವಿನ ಹೊತ್ತಿನಲ್ಲಿ ಬಾವಿಗೆ ನೀರು ಊರುತ್ತದೆ. ಆ ಮಿತಿ ಮೀರಲು ಎಣ್ಣೆ ಎಂಜಿನ್ನಿನ ಪಂಪೇ ದಾರಿ ಎಂದು ಮದ್ರಾಸ್ ಪ್ರಾಂತ್ಯದಲ್ಲಿ ಪ್ರಯೋಗ ನಡೆಸಿದವರು ಆಲ್ಫ್ರೆಡ್ ಚಾಟರ್ಟನ್. ಮುಂದೆ ಇವರೇ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯನ್ನು ನಡೆಸಿದರು.

ಇಲ್ಲೊಂದು ಆಕ್ಷೇಪ ಏಳುತ್ತದೆ. ಪಂಪಿನ ಉದ್ಯಮ ಹುಟ್ಟಿದ್ದು ಬಾವಿಯಿಂದಲ್ಲ, ಕರೆಂಟಿನಿಂದ ಎನ್ನುವವರಿದ್ದಾರೆ. ನೀಲಗಿರಿಯ ಪೈಕಾರಾ ವಿದ್ಯುತ್ತು 1932ರಲ್ಲಿ ಬಂದ ಮೇಲೆಯೇ ಗಿರಣಿಗಳು ಸಾಲುಗಟ್ಟಿದವು, ಗಿರಣಿ ಯಂತ್ರಗಳ ರಿಪೇರಿಗೆ ಫೌಂಡ್ರಿ, ಲೇತುಗಳು ಬಂದವು, ಆ ಕೈಗಳೇ ಪಂಪು ಮಾಡಿದವು ಎಂಬುದು ಅವರ ವಾದ. ಇದರಲ್ಲಿ ಹುರುಳಿದೆ. 1926ರಲ್ಲಿ ಆರಂಭವಾದ ಪಿಎಸ್‌ಜಿ ಕೈಗಾರಿಕಾ ಸಂಸ್ಥೆ, 1937ರಲ್ಲಿ ಜಿ.ಡಿ. ನಾಯ್ಡು ಮತ್ತು ಡಿ. ಬಾಲಸುಂದರಂ ತಯಾರಿಸಿದ ವಿದ್ಯುತ್ ಮೋಟಾರು, ಇವಿಲ್ಲದೆ ಈ ಕಥೆಯೇ ಇಲ್ಲ. ಆದರೆ ಕರೆಂಟೊಂದೇ ಕಾರಣವಾಗಿದ್ದರೆ ಆ ಪಟ್ಟ ಬೆಂಗಳೂರಿಗೆ ಸಲ್ಲಬೇಕಿತ್ತು. ಶಿವನಸಮುದ್ರದ ವಿದ್ಯುತ್ತು 1902ರಲ್ಲೇ ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿಗೆ ಬಂದಿತ್ತು. ಬೆಂಗಳೂರಿನ ಯಂತ್ರಕೌಶಲ ಹರಿದದ್ದು ವಿಮಾನ, ಟೆಲಿಫೋನು, ಯಂತ್ರೋಪಕರಣಗಳ ಕಡೆಗೆ. ಅಲ್ಲಿ ದೊಡ್ಡ ಗಿರಾಕಿ ಸರ್ಕಾರ. ಮಂಡ್ಯದ ರೈತನಿಗೆ ಕನ್ನಂಬಾಡಿಯ ನಾಲೆ ಬಂತು. ಕೊಯಮತ್ತೂರಿನ ಫೌಂಡ್ರಿಯ ಬಾಗಿಲಿಗೆ ಬಂದು ನಿಂತ ಗಿರಾಕಿ ಬಾವಿ ಬತ್ತಿದ ರೈತ. ಯಂತ್ರ ಮಾಡುವ ಕೈಯನ್ನು ಗಿರಣಿ ಪಳಗಿಸಿತು, ಯಾವ ಯಂತ್ರ ಬೇಕೆಂದು ಹೇಳಿದ್ದು ಬಾವಿ.

ಪಂಪಿನ ರೂಪ ಬದಲಾದ ಬಗೆಯೇ ಇದಕ್ಕೆ ಸಾಕ್ಷಿ. ಪಂಪು ನೀರನ್ನು ‘ಎಳೆಯುತ್ತದೆ’ ಎನ್ನುತ್ತೇವೆ. ವಾಸ್ತವದಲ್ಲಿ ಪೈಪಿನೊಳಗಿನ ಗಾಳಿ ಖಾಲಿಯಾದಾಗ ಹೊರಗಿನ ಗಾಳಿಯ ಒತ್ತಡ ನೀರನ್ನು ಮೇಲಕ್ಕೆ ನೂಕುತ್ತದೆ. ಅದು ನೂಕಬಲ್ಲ ಎತ್ತರ ಲೆಕ್ಕದಲ್ಲಿ ಸುಮಾರು 10 ಮೀಟರ್, ವ್ಯವಹಾರದಲ್ಲಿ ಆರೇಳು ಮೀಟರ್. ಎಷ್ಟು ಕುದುರೆಶಕ್ತಿಯ ಮೋಟಾರು ಕೂರಿಸಿದರೂ ಈ ಗೆರೆ ಅಳಿಯದು. ಹಾಗಾಗಿ ನೀರು ಇಳಿದಂತೆ ಪಂಪೂ ಬಾವಿಯೊಳಗಿನ ಕಟ್ಟೆಗೆ ಇಳಿಯಿತು. ಇಳಿಸಲು ಏರಿಸಲು ಹಗುರಾಗಲೆಂದು ಮೋಟಾರು ಪಂಪು ಎರಡೂ ಒಂದಾದ ಮಾನೋಬ್ಲಾಕ್ ಬಳಕೆಗೆ ಬಂತು. ನೀರು ಸರಿಯಾಗಿ ಬೀಳುತ್ತಿಲ್ಲವೆಂದು ಕರೆದರೆ ಮೆಕ್ಯಾನಿಕ್ ನೋಡುವ ಸಂಗತಿಗಳು ಇಂದಿಗೂ ಅವೇ: ಫುಟ್‌ವಾಲ್ವ್ ಸೋರುತ್ತಿದೆಯೇ, ಜಾಲರಿಗೆ ಕಸ ಕಟ್ಟಿದೆಯೇ, ಪೈಪಿನ ಸಂದಿನಲ್ಲಿ ಪಂಪು ಗಾಳಿ ಎಳೆಯುತ್ತಿದೆಯೇ, ಗ್ಲ್ಯಾಂಡಿನ ಹುರಿ ಸವೆದಿದೆಯೇ, ವೋಲ್ಟೇಜು ಬಿದ್ದಿದೆಯೇ, ಫೇಸ್ ಅದಲುಬದಲಾಗಿ ಮೋಟಾರು ಹಿಂದುಮುಂದಾಗಿ ತಿರುಗುತ್ತಿದೆಯೇ. ಇವೆಲ್ಲ ಸರಿಯಿದ್ದೂ ನೀರು ಬಾರದಿದ್ದರೆ ದೋಷ ಯಂತ್ರದ್ದಲ್ಲ, ನೀರಿನ ಮಟ್ಟದ್ದು. ಅದಕ್ಕೆ ಊರು ಕೊಟ್ಟ ಉತ್ತರ ಮತ್ತೊಂದು ಯಂತ್ರ. ಕೊಳವೆಬಾವಿಗೆ ಜೆಟ್ ಪಂಪು ಬಂತು. ಆಮೇಲೆ ನೀರಲ್ಲೇ ಮುಳುಗಿ ಕೆಳಗಿನಿಂದ ಮೇಲಕ್ಕೆ ತಳ್ಳುವ ಸಬ್‌ಮರ್ಸಿಬಲ್. ತಳ್ಳುವುದಕ್ಕೆ ಆರೇಳು ಮೀಟರಿನ ಗೆರೆ ಇಲ್ಲ. ಒಂದರ ಮೇಲೊಂದು ಇಂಪೆಲ್ಲರ್ ಪೇರಿಸುತ್ತ ಹೋದರೆ ಎಷ್ಟು ಆಳದಿಂದಲೂ ತರಬಹುದು. ಎತ್ತಿನ ದಣಿವಿನ ಮಿತಿ, ಗಾಳಿಯ ಒತ್ತಡದ ಮಿತಿ ಎರಡೂ ದಾಟಿದ ಮೇಲೆ ಉಳಿದದ್ದು ನೆಲದಡಿಯ ನೀರಿನ ಮಿತಿ.

ಬಾವಿ ಬತ್ತಿಸಿದ್ದು ಪಂಪಲ್ಲ, ಬಿಟ್ಟಿ ಕರೆಂಟು ಎಂಬ ಇನ್ನೊಂದು ವಾದವೂ ಇದೆ. ಕಾಲಕ್ರಮ ಇದನ್ನು ಪೂರ್ತಿ ಒಪ್ಪುವುದಿಲ್ಲ. ತಮಿಳುನಾಡಿನಲ್ಲಿ ಎಲ್ಲ ರೈತರ ಪಂಪಿಗೂ ಉಚಿತ ವಿದ್ಯುತ್ ಬಂದದ್ದು 1990ರ ದಶಕ ಆರಂಭವಾಗುವ ಹೊತ್ತಿಗೆ. ಅದಕ್ಕೂ ಬಹಳ ಮುಂಚೆ, 1970ರ ದಶಕದ ಮೊದಲಲ್ಲೇ, ಸಿ. ನಾರಾಯಣಸ್ವಾಮಿ ನಾಯ್ಡು ಅವರ ಮುಂದಾಳ್ತನದಲ್ಲಿ ರೈತರು ವಿದ್ಯುತ್ ದರದ ವಿರುದ್ಧ ಎದ್ದಿದ್ದರು. 1972ರಲ್ಲಿ ಎತ್ತಿನ ಗಾಡಿಗಳು ಕೊಯಮತ್ತೂರಿನ ಬೀದಿ ತುಂಬಿದವು. ಯೂನಿಟ್ಟಿಗೆ ಕೆಲವೇ ಪೈಸೆಯ ಏರಿಕೆ ಅಷ್ಟು ಸಿಟ್ಟು ತಂದದ್ದೇಕೆ? ಆಳ ಇಮ್ಮಡಿಯಾದರೆ ಅಷ್ಟೇ ನೀರೆತ್ತಲು ಸರಿಸುಮಾರು ಇಮ್ಮಡಿ ಕರೆಂಟು ಬೇಕು. ದರ ಏರದಿದ್ದರೂ ಬಾವಿ ಇಳಿದಂತೆ ಬಿಲ್ಲು ಏರುತ್ತದೆ. ದರದ ಜಗಳ ಅಷ್ಟು ಬಿಸಿಯೇರಲು ನೀರಿನ ಇಳಿತವೂ ಒಂದು ಕಾರಣವೆಂದೇ ಓದಬೇಕು. ಉಚಿತ ಕರೆಂಟು ಬಂದದ್ದು ಆಗಲೇ ಶುರುವಾಗಿದ್ದ ಕುಸಿತದ ಮೇಲೆ; ಬಿಲ್ಲಿನ ರೂಪದಲ್ಲಿ ಸಿಗುತ್ತಿದ್ದ ಎಚ್ಚರಿಕೆಯನ್ನು ಅದು ಅಳಿಸಿತು, ಅಷ್ಟರ ಮಟ್ಟಿಗೆ ಆಕ್ಷೇಪ ಸರಿ. ದೂಷಣೆಯನ್ನು ರೈತನೊಬ್ಬನ ಮೇಲೆ ಹೊರಿಸುವುದೂ ಸಲ್ಲದು. ತಿರುಪ್ಪೂರಿನ ಬಣ್ಣದ ಕಾರ್ಖಾನೆಗಳ ಬಾಯ್ಲರು, ತೊಟ್ಟಿಗಳಿಗೆ ಸುತ್ತಲ ಹಳ್ಳಿಗಳ ಬಾವಿನೀರು ಟ್ಯಾಂಕರಿನಲ್ಲಿ ಬರುತ್ತಿತ್ತು. 2005ರ ಹೊತ್ತಿಗೆ ಕಾವೇರಿಯ ನೀರು ಕೊಳವೆಯಲ್ಲಿ ಬಂದರೂ ನೊಯ್ಯಲ್ ನದಿ ಅಷ್ಟರಲ್ಲಿ ಬಣ್ಣದ ತ್ಯಾಜ್ಯದಿಂದ ಕೆಟ್ಟಿತ್ತು. ಮದ್ರಾಸ್ ಹೈಕೋರ್ಟು 2011ರಲ್ಲಿ ಬಣ್ಣದ ಘಟಕಗಳನ್ನು ಮುಚ್ಚಿಸಿತು.

ಈ ಚರಿತ್ರೆಯ ಇತ್ತೀಚಿನ ಅಧ್ಯಾಯ ಅತ್ತಿಕಡವು–ಅವಿನಾಶಿ ಯೋಜನೆ. ದಶಕಗಳ ಬೇಡಿಕೆಯ ನಂತರ 2024ರ ಆಗಸ್ಟ್‌ನಲ್ಲಿ ಅದು ಚಾಲನೆಗೊಂಡಿತು. ಭವಾನಿಯ ಹೆಚ್ಚುವರಿ 1.5 ಟಿಎಂಸಿ ಅಡಿ ನೀರನ್ನು ಆರು ಪಂಪಿಂಗ್ ಠಾಣೆಗಳ ಮೂಲಕ ಮೇಲೆತ್ತಿ ಈರೋಡು, ತಿರುಪ್ಪೂರು, ಕೊಯಮತ್ತೂರು ಜಿಲ್ಲೆಗಳ 1,045 ಕೆರೆಕಟ್ಟೆಗಳಿಗೆ ತುಂಬಿಸುವುದು ಅದರ ಗುರಿ. ನೂರು ವರ್ಷ ನೆಲದಿಂದ ನೀರೆತ್ತಿದ ಸೀಮೆಯಲ್ಲಿ ಪಂಪು ಈಗ ನೆಲಕ್ಕೆ ನೀರು ಮರಳಿಸುವ ಕೆಲಸಕ್ಕೂ ನಿಂತಿದೆ. 2018ರಿಂದ ಕೆ.ಸಿ. ವ್ಯಾಲಿಯ ಸಂಸ್ಕರಿಸಿದ ನೀರು ಹರಿಯುತ್ತಿರುವ ಕೋಲಾರದಲ್ಲೂ ನಡೆದಿರುವುದು ಇದೇ. ಆದರೆ ಕೆರೆ ತುಂಬಿತೆಂದು ದಡದಲ್ಲಿ ಇನ್ನೂ ಆಳದ ಕೊಳವೆಬಾವಿ ಕೊರೆದರೆ ಹಳೆಯ ಆಟವೇ ಹೊಸದಾಗಿ ಶುರುವಾಗುತ್ತದೆ. ನೀರೆತ್ತುವ ವಿದ್ಯೆಯಲ್ಲಿ ಕೊಯಮತ್ತೂರು ದೇಶಕ್ಕೆ ಪಾಠ ಹೇಳಿತು. ಎಷ್ಟು ಎತ್ತಬೇಕೆಂಬ ಲೆಕ್ಕವನ್ನು ಯಾವ ಫೌಂಡ್ರಿಯೂ ಎರಕ ಹೊಯ್ದು ಕೊಡಲಾರದು. ಅದನ್ನು ಬಾವಿಯ ಒಡೆಯರು, ಊರಿನ ಪಂಚಾಯಿತಿ, ಸರ್ಕಾರ ಕೂತು ಹಾಕಿಕೊಳ್ಳಬೇಕು.