ಹಳೆಯ ಕಡತ ಸರ್ವರುಗಳೂ ಜಾಲ ಕಾರ್ಡಿನ ಆಯ್ಕೆಯೂ: ಒಂದು ಚಾರಿತ್ರಿಕ ಪರಿಶೀಲನೆ

ಕಡತಗಳನ್ನು ಒಂದೆಡೆ ಇರಿಸಿಕೊಂಡು ಹಲವು ಕಂಪ್ಯೂಟರುಗಳಿಗೆ ಒದಗಿಸುವ ಯಂತ್ರಕ್ಕೆ ಕಡತ ಸರ್ವರ್ ಎಂದು ಹೆಸರು. ಆ ಯಂತ್ರವನ್ನು ಜಾಲದ ತಂತಿಗೆ ಕೂಡಿಸುವುದು ಜಾಲ ಕಾರ್ಡು. ದಟ್ಟಣೆ ಹೆಚ್ಚಿ ಹಳೆಯ ಸರ್ವರ್ ನಿಧಾನವಾದಾಗ, ಹೆಚ್ಚು ವೇಗದ ಕಾರ್ಡನ್ನು ಹಾಕಿದರೆ ಸಾಕೆಂಬ ಅಭಿಪ್ರಾಯ ಬಹುಕಾಲದಿಂದ ರೂಢಿಯಲ್ಲಿದೆ. ಅದು ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

ಈಥರ್‌ನೆಟ್ ಪದ್ಧತಿಯು 1973ರಲ್ಲಿ ಅಮೆರಿಕದ ಜೆರಾಕ್ಸ್ ಸಂಸ್ಥೆಯ ಸಂಶೋಧನಾ ಕೇಂದ್ರದಲ್ಲಿ ಹುಟ್ಟಿತು. ರಾಬರ್ಟ್ ಮೆಟ್‌ಕಾಫ್, ಡೇವಿಡ್ ಬಾಗ್ಸ್ ಇವರು ಅದರ ಪ್ರವರ್ತಕರು. ಮುಂದೆ ಸೆಕೆಂಡಿಗೆ 10 ಮೆಗಾಬಿಟ್ ವೇಗದ ಕಾರ್ಡುಗಳು ಬಳಕೆಗೆ ಬಂದವು. ಅವುಗಳಲ್ಲಿ ನೊವೆಲ್ ಸಂಸ್ಥೆಯ ಎನ್‌ಇ2000 ಬಹಳ ಪ್ರಚಾರ ಪಡೆಯಿತು. ಅದರಲ್ಲಿದ್ದ ಸ್ಮರಣೆ 16 ಕಿಲೋಬೈಟ್ ಮಾತ್ರ. ಅಲ್ಲಿಗೆ ಬಂದುದೆಲ್ಲವನ್ನೂ ಪ್ರೊಸೆಸರೇ ಮುಖ್ಯ ಸ್ಮರಣೆಗೆ ಸಾಗಿಸಬೇಕಾಗಿತ್ತು. ಒಬ್ಬನೇ ಬಳಸುವ ಯಂತ್ರಕ್ಕೆ ಇದು ಹೊರೆಯಲ್ಲ; ನೂರು ಜನರಿಗೆ ಕಡತ ಒದಗಿಸುವ ಸರ್ವರಿಗೆ ಮಾತ್ರ ದೊಡ್ಡ ಹೊರೆ.

1992ರಲ್ಲಿ ಪಿಸಿಐ ಎಂಬ ಒಳಮಾರ್ಗದ ವ್ಯವಸ್ಥೆ ಪ್ರಕಟವಾಯಿತು. ಡಿಜಿಟಲ್ ಸಂಸ್ಥೆಯ 21140, ಇಂಟೆಲ್ ಸಂಸ್ಥೆಯ 82557 ಮೊದಲಾದ ಚಿಪ್ಪುಗಳು ಈ ಮಾರ್ಗದಲ್ಲಿ ದತ್ತಾಂಶವನ್ನು ತಾವೇ ಮುಖ್ಯ ಸ್ಮರಣೆಗೆ ಸೇರಿಸತೊಡಗಿದವು. ಆದರೆ ಅದೇ 100 ಮೆಗಾಬಿಟ್ ವೇಗದ, ಅಗ್ಗದ ರಿಯಲ್‌ಟೆಕ್ 8139ರಲ್ಲಿ, ಬಂದ ದತ್ತಾಂಶವನ್ನು ಪ್ರೊಸೆಸರು ಮತ್ತೊಮ್ಮೆ ನಕಲು ಮಾಡಬೇಕಾಗುತ್ತಿತ್ತು. ವೇಗ ಒಂದೇ ಆದರೂ ಕಾರ್ಡುಗಳು ಸಮಾನವಲ್ಲವೆಂಬುದು ಇದರಿಂದ ವಿದಿತವಾಗುತ್ತದೆ.

ಎರಡನೆಯ ತೊಡಕು ಅಡಚಣೆಯ ಸಂಕೇತಗಳದು. ಪೊಟ್ಟಣವೊಂದು ಬಂದಾಗ ಕಾರ್ಡು ಪ್ರೊಸೆಸರಿನ ಕೆಲಸವನ್ನು ತಡೆದು ಅದಕ್ಕೆ ಸೂಚನೆ ಕೊಡುತ್ತದೆ. 100 ಮೆಗಾಬಿಟ್ ತಂತಿಯಲ್ಲಿ ಅತಿ ಚಿಕ್ಕ ಪೊಟ್ಟಣಗಳು ಸೆಕೆಂಡಿಗೆ ಸುಮಾರು 1,48,800ರವರೆಗೆ ಬರಬಲ್ಲವು. ಸೂಚನೆಗಳಿಗೆ ಓಗೊಡುವುದರಲ್ಲೇ ಕಾಲ ಕಳೆದು, ನಿಜವಾದ ಕೆಲಸವೇ ನಿಂತುಹೋಗುವ ಈ ಸ್ಥಿತಿಯನ್ನು ಜೆಫ್ರಿ ಮೊಗಲ್ ಮತ್ತು ಕೆ. ಕೆ. ರಾಮಕೃಷ್ಣನ್ 1996ರ ಪ್ರಬಂಧದಲ್ಲಿ ವಿಶದಪಡಿಸಿದರು. ಇವರಲ್ಲಿ ಎರಡನೆಯವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವ್ಯಾಸಂಗ ಮಾಡಿದವರೆಂಬುದು ನಮಗೆ ಸಂತೋಷದ ವಿಷಯ. ಹಲವು ಪೊಟ್ಟಣಗಳಿಗೆ ಒಂದೇ ಸೂಚನೆ ಕೊಡುವ ಕಾರ್ಡುಗಳ ಮಹತ್ವ ಇಲ್ಲಿಯೇ ಇದೆ.

1999ರಲ್ಲಿ ತಾಮ್ರದ ತಂತಿಯ ಮೇಲಿನ ಗಿಗಾಬಿಟ್ ಈಥರ್‌ನೆಟ್ಟಿನ ಮಾನಕ ಸಿದ್ಧವಾಯಿತು. ಅದರ ವೇಗ ಒಂದು ದಿಕ್ಕಿಗೆ ಸೆಕೆಂಡಿಗೆ 125 ಮೆಗಾಬೈಟ್. ಸಾಮಾನ್ಯ 32 ಬಿಟ್ ಪಿಸಿಐ ಮಾರ್ಗದ ಒಟ್ಟು ಸಾಮರ್ಥ್ಯವೋ ಸುಮಾರು 133 ಮೆಗಾಬೈಟ್. ಡಿಸ್ಕೂ ಅದೇ ಮಾರ್ಗದಲ್ಲಿದ್ದರೆ ಕಡತವು ಡಿಸ್ಕಿನಿಂದ ಸ್ಮರಣೆಗೊಮ್ಮೆ, ಸ್ಮರಣೆಯಿಂದ ಕಾರ್ಡಿಗೊಮ್ಮೆ, ಹೀಗೆ ಎರಡು ಬಾರಿ ಅದನ್ನು ಹಾಯಬೇಕು. ಆಗ ಲೆಕ್ಕದಲ್ಲಿಯೂ 66 ಮೆಗಾಬೈಟಿಗೆ ಮಿಕ್ಕಿ ದೊರೆಯದು. 64 ಬಿಟ್, 66 ಮೆಗಾಹರ್ಟ್ಸ್ ಮಾರ್ಗವುಳ್ಳ ಸರ್ವರುಗಳಲ್ಲಿ ಸಾಮರ್ಥ್ಯ ಸುಮಾರು 533 ಮೆಗಾಬೈಟ್ ಆದುದರಿಂದ ಅಲ್ಲಿ ಈ ಇಕ್ಕಟ್ಟು ಬಹುಮಟ್ಟಿಗೆ ನೀಗುತ್ತದೆ.

ಮೇಲ್ಕಂಡ ಸಂಗತಿಗಳಿಂದ ನಾವು ತಲಪುವ ನಿರ್ಣಯವಿದು: ಮೊದಲು ಯಂತ್ರದ ಒಳಮಾರ್ಗವನ್ನು ನೋಡಬೇಕು, ಬಳಿಕ ಕಾರ್ಡು ಪ್ರೊಸೆಸರಿನ ಹೊರೆಯನ್ನು ಎಷ್ಟು ಇಳಿಸುತ್ತದೆಂಬುದನ್ನು, ತಂತಿಯ ವೇಗವನ್ನು ಕಡೆಯಲ್ಲಿ. ಅಲ್ಪ ಧನದಲ್ಲಿ ನಡೆಯುವ ಶಾಲೆಗಳೂ ಗ್ರಂಥಾಲಯಗಳೂ ಈ ಕ್ರಮವನ್ನು ತಿರುಗುಮುರುಗು ಮಾಡಿದರೆ ಹಣವೂ ವ್ಯರ್ಥ. ಇನ್ನೂ ದುಡಿಯಬಲ್ಲ ಯಂತ್ರವೂ ಅಕಾಲದಲ್ಲಿ ಮೂಲೆಗೆ ಸೇರುತ್ತದೆ.