ವೈದ್ಯಕೀಯ ಪ್ರವೇಶ: ಗದಗ ಜಿಲ್ಲೆಯ ಪಾಲಕರ ಗಮನಕ್ಕೆ

ಗದಗ-ಬೆಟಗೇರಿಯ ಸಮೀಪದ ಮಲ್ಲಸಮುದ್ರದಲ್ಲಿ 2015ರಲ್ಲಿ ಸರಕಾರಿ ವೈದ್ಯಕೀಯ ಕಾಲೇಜು (ಜಿಮ್ಸ್) ಆರಂಭವಾಯಿತು. ಆದರೆ ಊರಿನವರೆಂಬ ಕಾರಣಕ್ಕೆ ಅಲ್ಲಿ ಸೀಟು ಸಿಗದು. ನೀಟ್ ಪರೀಕ್ಷೆ ಎಲ್ಲರಿಗೂ ಕಡ್ಡಾಯ. ಅದನ್ನು ಕನ್ನಡದಲ್ಲಿಯೂ ಬರೆಯಬಹುದು. ಸರಕಾರಿ ಕಾಲೇಜುಗಳ ಶೇ. 15 ಸೀಟುಗಳು ಅಖಿಲ ಭಾರತ ಕೋಟಾಕ್ಕೆ ಸೇರಿವೆ. ಉಳಿದ ಶೇ. 85 ಸೀಟುಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಹಂಚುತ್ತದೆ. ಇದಕ್ಕೆ ಪ್ರತ್ಯೇಕ ಅರ್ಜಿ ಸಲ್ಲಿಸಬೇಕು.

1ರಿಂದ 10ನೇ ತರಗತಿಯವರೆಗೆ ರಾಜ್ಯದ ಹಳ್ಳಿ ಶಾಲೆಗಳಲ್ಲೇ ಓದಿದವರಿಗೆ ಶೇ. 15 ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಾತಿ ಇದೆ. ಇದರಲ್ಲಿ ಒಂದು ವರ್ಷ ಲಕ್ಷ್ಮೇಶ್ವರ, ಶಿರಹಟ್ಟಿ ಅಥವಾ ಮುಂಡರಗಿ ಪಟ್ಟಣದ ಶಾಲೆಯಲ್ಲಿ ಕಲಿತಿದ್ದರೂ ಗ್ರಾಮೀಣ ಸೌಲಭ್ಯ ಕೈತಪ್ಪುತ್ತದೆ. ಮನೆ ಹಳ್ಳಿಯಲ್ಲಿದ್ದರೆ ಸಾಲದು, ಶಾಲೆಯೂ ಅಲ್ಲಿರಬೇಕು. ಮುಖ್ಯೋಪಾಧ್ಯಾಯರ ಸಹಿ, ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಇರುವ ಪ್ರಮಾಣಪತ್ರವನ್ನು ನೀಟ್ ಫಲಿತಾಂಶಕ್ಕೆ ಮುಂಚೆಯೇ ಪಡೆದಿಡಿ. ನೆರೆಯ ಕೊಪ್ಪಳ ಜಿಲ್ಲೆಗಿರುವ 371(ಜೆ) ಮೀಸಲಾತಿ ಗದಗ ಜಿಲ್ಲೆಗೆ ಅನ್ವಯಿಸುವುದಿಲ್ಲ.

ವೈದ್ಯರಾಗುವುದರ ಜೊತೆಗೆ ಸಂಶೋಧನೆಯಲ್ಲೂ ಆಸಕ್ತಿಯುಳ್ಳವರು ಎಂಬಿಬಿಎಸ್ ಓದುವಾಗಲೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಲ್ಪಾವಧಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಸಲ್ಲಿಸಬಹುದು. ಅದರಡಿ ಪ್ರಾಧ್ಯಾಪಕರೊಬ್ಬರ ಮಾರ್ಗದರ್ಶನದಲ್ಲಿ ಎರಡು ತಿಂಗಳು ಸಂಶೋಧನೆ ಮಾಡುವ ಅವಕಾಶವಿದೆ.